ದೋಣಿ ಹತ್ತಿದ ಗಂಡಸು

ಹಡಗು ಮುಳುಗಿದರೆ ಸತ್ತವರಿಗೆ ಸ್ಮಾರಕ ಕಟ್ಟುತ್ತಾರೆ. ಜೀವ ಹಿಡಿದುಕೊಂಡು ಬಂದವರಿಗೆ ದಡದ ಮೇಲೆ ಕಾದಿರುವುದು ಒಂದೇ ಪ್ರಶ್ನೆ: ನೀನು ಹೇಗೆ ಉಳಿದೆ?

1998ರ ಬೇಸಿಗೆ. ನಮ್ಮೂರಿನ ಟಾಕೀಸಿಗೆ ‘ಟೈಟಾನಿಕ್’ ಬಂದಿತ್ತು. ಇಂಗ್ಲಿಷಿನ ಗಂಧಗಾಳಿ ಇಲ್ಲದವರೂ ಬ್ಲ್ಯಾಕಿನಲ್ಲಿ ಟಿಕೆಟ್ ತೆಗೆದುಕೊಂಡು ಕೂತಿದ್ದರು. ಹಡಗು ವಾಲಿದೆ, ಹೆಂಗಸರು ಮಕ್ಕಳು ಅಳುತ್ತಿದ್ದಾರೆ. ಅಷ್ಟರಲ್ಲಿ ಮೀಸೆ ತೀಡಿದ ಕಂಪನಿ ಯಜಮಾನ ಅತ್ತಿತ್ತ ಒಮ್ಮೆ ನೋಡಿ, ಕೆಳಗಿಳಿಯಲು ಸಜ್ಜಾದ ದೋಣಿಯೊಳಗೆ ಮೆಲ್ಲಗೆ ಕಾಲಿಡುತ್ತಾನೆ. ಮುಂದಿನ ಸಾಲಿನಿಂದ ಯಾರೋ ‘ಥೂ, ಹೇಡಿ ನನ್ಮಗ’ ಅಂದರು. ಇಡೀ ಟಾಕೀಸು ಘೊಳ್ಳೆಂದು ನಕ್ಕಿತು. ನಾನೂ ನಕ್ಕೆ.

ಬಹಳ ವರ್ಷಗಳ ಮೇಲೆ ಆ ಮನುಷ್ಯನ ಬಗ್ಗೆ, ಅವನ ಹಾಗೇ ಆ ರಾತ್ರಿ ದೋಣಿ ಹತ್ತಿದ ಬೇರೆ ಗಂಡಸರ ಬಗ್ಗೆ ಓದುತ್ತ ಹೋದಾಗ ಆ ನಗು ನೆನಪಾಗಿ ಮುಜುಗರವಾಯಿತು. ಹೊಟ್ಟೆ ತುಂಬ ಉಂಡು, ಫ್ಯಾನಿನ ಕೆಳಗೆ ಕೂತು, ಕಡ್ಲೆಕಾಯಿ ಸುಲಿಯುತ್ತ ಒಬ್ಬನ ಬದುಕುವ ಆಸೆಗೆ ‘ಥೂ’ ಅನ್ನುವುದು ಎಷ್ಟು ಸುಲಭ! ಈ ಸುಲಭದ ಕೆಲಸವನ್ನು ಜಗತ್ತು 1912ರಿಂದಲೂ ಮಾಡಿಕೊಂಡು ಬಂದಿದೆ. ಅದಕ್ಕೂ ಎಷ್ಟೋ ಮೊದಲಿನಿಂದಲೂ ಅನ್ನಬೇಕು.

ಜೇಬಿನಲ್ಲಿದ್ದ ಕಾಗದ

ನನ್ನನ್ನು ಹೆಚ್ಚು ಕಾಡಿದವನು ಆ ಸಿನಿಮಾದಲ್ಲಿ ಇಲ್ಲವೇ ಇಲ್ಲ. ಹೆಸರು ಮಸಾಬುಮಿ ಹೊಸೊನೊ, ಜಪಾನ್ ಸರ್ಕಾರದ ರೈಲ್ವೆ ಅಧಿಕಾರಿ. ರಷ್ಯಾದ ರೈಲ್ವೆ ಹೇಗೆ ನಡೆಯುತ್ತದೆ ನೋಡಿಕೊಂಡು ಬಾ ಎಂದು 1910ರಲ್ಲಿ ಇಲಾಖೆ ಅವನನ್ನು ಕಳಿಸಿತ್ತು. ಕೆಲಸ ಮುಗಿಯಿತು. ಲಂಡನ್ನಿಗೆ ಬಂದು, ಅಮೆರಿಕದ ದಾರಿಯಾಗಿ ಊರು ಸೇರೋಣವೆಂದು 1912ರ ಏಪ್ರಿಲ್ 10ರಂದು ಸೌತಾಂಪ್ಟನ್ ಬಂದರಿನಲ್ಲಿ ಹೊಚ್ಚ ಹೊಸ ಹಡಗು ಹತ್ತಿದ. ಎರಡನೇ ದರ್ಜೆಯ ಟಿಕೆಟ್. ವಯಸ್ಸು 41. ಊರಿನಲ್ಲಿ ಹೆಂಡತಿ, ಮಕ್ಕಳು. ಆ ಹಡಗಿನಲ್ಲಿದ್ದ ಒಬ್ಬನೇ ಒಬ್ಬ ಜಪಾನಿ ಪ್ರಯಾಣಿಕ.

ಏಪ್ರಿಲ್ 14ರ ರಾತ್ರಿ 11.40ಕ್ಕೆ ಹಡಗು ನೀರ್ಗಲ್ಲಿಗೆ ತಾಗಿತು. ಹೊಸೊನೊನನ್ನು ಕೋಣೆಯ ಬಾಗಿಲು ಬಡಿದು ಎಬ್ಬಿಸಿದರು. ಮೇಲೆ ಹೋದರೆ, ಇವನ ಮುಖ ನೋಡಿದ ಸಿಬ್ಬಂದಿ ಮೂರನೇ ದರ್ಜೆಯವನಿರಬೇಕು ಎಂದುಕೊಂಡು ಕೆಳಗೆ ಕಳಿಸಿದರು. ಹೇಗೋ ಕಣ್ಣು ತಪ್ಪಿಸಿ ಮತ್ತೆ ಮೇಲೆ ಬಂದ. ಆಕಾಶದಲ್ಲಿ ಅಪಾಯದ ಸಂಕೇತವಾಗಿ ಹಾರಿಸಿದ ಬಾಣಗಳು ನೀಲಿಯಾಗಿ ಸಿಡಿಯುತ್ತಿದ್ದವು. ಒಂದೊಂದೇ ದೋಣಿ ಕೆಳಗಿಳಿಯುತ್ತಿತ್ತು. ಹತ್ತನೇ ನಂಬರಿನ ದೋಣಿ ಹೊರಡುವ ಹೊತ್ತಿಗೆ ಇನ್ನೂ ಇಬ್ಬರಿಗೆ ಜಾಗವಿದೆ ಎಂದು ಯಾರೋ ಕೂಗಿದರು. ಪಕ್ಕದಲ್ಲಿದ್ದ ಒಬ್ಬ ಹಾರಿದ. ಅವನ ಹಿಂದೆ ಹೊಸೊನೊನೂ ಹಾರಿದ.

ಬೆಳಗಿನ ಜಾವ ಕಾರ್ಪೇಥಿಯಾ ಹಡಗು ಬಂದು ದೋಣಿಯವರನ್ನೆಲ್ಲ ಎತ್ತಿಕೊಂಡಿತು. ಆ ಹಡಗಿನ ಮೇಲೆ ಕೂತು ಹೊಸೊನೊ ಹೆಂಡತಿಗೆ ಕಾಗದ ಬರೆದ. ಬರೆದದ್ದು ಯಾವ ಹಾಳೆಯ ಮೇಲೆ ಗೊತ್ತೇ? ಅವನ ಕೋಟಿನ ಜೇಬಿನಲ್ಲಿ ಉಳಿದುಕೊಂಡಿದ್ದ ಟೈಟಾನಿಕ್‌ನದೇ ಹಾಳೆ. ಮೇಲ್ಗಡೆ ಕಂಪನಿಯ ಬಾವುಟ, ಹಡಗಿನ ಹೆಸರು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಆ ಹೆಸರಿನ ಹಡಗು ಆಗಲೇ ಸಮುದ್ರದ ತಳ ಸೇರಿತ್ತು. ಹೆಸರಿನ ಕೆಳಗೆ ಮೇಲಿನಿಂದ ಕೆಳಕ್ಕೆ ಇಳಿಯುವ ಜಪಾನಿ ಅಕ್ಷರಗಳ ಸಾಲು. ಜಪಾನಿಯರ ಹೆಸರಿಗೆ ಕಳಂಕ ಬರದ ಹಾಗೆ ಸಾಯಲು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ, ಆದರೂ ಬದುಕುವ ದಾರಿ ಯಾವುದಾದರೂ ಇದೆಯೇ ಎಂದು ಕಣ್ಣು ಹುಡುಕುತ್ತಲೇ ಇತ್ತು ಎಂಬರ್ಥದ ಮಾತು ಅದರಲ್ಲಿದೆ. ಹೆಂಡತಿ ಮಕ್ಕಳನ್ನು ಇನ್ನು ನೋಡುವುದಿಲ್ಲ ಎಂದುಕೊಂಡದ್ದು, ಹಡಗು ಮುಳುಗಿದ ಮೇಲೆ ಕತ್ತಲಿನಲ್ಲಿ ಕೇಳಿಸಿದ ಕೂಗು, ಎಲ್ಲವನ್ನೂ ಮುಚ್ಚುಮರೆ ಇಲ್ಲದೆ ಬರೆದಿದ್ದಾನೆ. ಸಾಯಲೂ ತಯಾರಾಗಿದ್ದ, ಬದುಕಲೂ ಹವಣಿಸುತ್ತಿದ್ದ. ಎರಡೂ ಒಂದೇ ಮನಸ್ಸಿನಲ್ಲಿ, ಒಂದೇ ಗಳಿಗೆಯಲ್ಲಿ. ಮನುಷ್ಯ ಇರುವುದೇ ಹಾಗಲ್ಲವೇ?

ಅವಮಾನದ ಮೊದಲ ತುತ್ತು ಕಾರ್ಪೇಥಿಯಾದಲ್ಲೇ ಸಿಕ್ಕಿತು. ಮಲಗಲು ಜಾಗವಿಲ್ಲದೆ ಧೂಮಪಾನದ ಕೋಣೆಯಲ್ಲಿ ಒರಗಿದವನನ್ನು ಅಲ್ಲಿದ್ದ ನಾವಿಕರು ಛೇಡಿಸಿದರು. ಕೆಲಸಕ್ಕೆ ಬಾರದ ಗುಂಪು ಎಂದು ಅವರ ಬಗ್ಗೆಯೂ ಕಾಗದದಲ್ಲಿ ಬರೆದು ಸೇಡು ತೀರಿಸಿಕೊಂಡಿದ್ದಾನೆ ಈ ಮಹಾಶಯ!

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಊರಿಗೆ ಬಂದ ಹೊಸತರಲ್ಲಿ ಎಲ್ಲ ಚೆನ್ನಾಗಿಯೇ ಇತ್ತು. ಪತ್ರಿಕೆಯವರು ಸಂದರ್ಶನ ಮಾಡಿದರು, ಸಂಸಾರದ ಜೊತೆ ಫೋಟೋ ಹಾಕಿದರು. ಆಮೇಲೆ ಗಾಳಿ ತಿರುಗಿತು. ಹೆಂಗಸರನ್ನು ಬಿಟ್ಟು ತಾನು ದೋಣಿ ಹತ್ತಿದ ಹೇಡಿ ಎಂಬ ಮಾತು ಹಬ್ಬಿತು. ಹದಿಮೂರನೇ ದೋಣಿಯಲ್ಲಿ ಯಾರೋ ಒಬ್ಬ ಏಷ್ಯಾದವನು ಅಸಭ್ಯವಾಗಿ ನಡೆದುಕೊಂಡ ಎಂದು ಹಡಗಿನವರ ಕಥೆಗಳಲ್ಲಿತ್ತು. ಆ ಪಾಪವನ್ನೂ ತಂದು ಹೊಸೊನೊನ ತಲೆಗೆ ಕಟ್ಟಿದರು. ಅವನು ಇದ್ದದ್ದು ಹತ್ತನೇ ದೋಣಿಯಲ್ಲಿ. ಆದರೆ ಬಿಳಿಯರ ಕಣ್ಣಿಗೆ ಏಷ್ಯಾದ ಮುಖಗಳೆಲ್ಲ ಒಂದೇ ಮುಖ. ಆ ಕಣ್ಣನ್ನು ಎರವಲು ತಂದು ಜಪಾನಿಯರೇ ತಮ್ಮವನನ್ನು ನೋಡಿದ್ದು ಈ ಕಥೆಯ ವಿಚಿತ್ರ.

1914ರಲ್ಲಿ ಇಲಾಖೆ ಅವನನ್ನು ಕೆಲಸದಿಂದ ತೆಗೆಯಿತು. ಆದರೆ ರಷ್ಯಾದ ರೈಲ್ವೆ ಕಂಡು ಬಂದ ತಲೆ ಬೇಕಿತ್ತಲ್ಲ, ಸ್ವಲ್ಪ ದಿನದಲ್ಲೇ ಖಾಯಂ ಅಲ್ಲದ ನೌಕರನಾಗಿ ಮತ್ತೆ ಕರೆದುಕೊಂಡಿತು. ಮರ್ಯಾದೆ ಇಲ್ಲ, ಕೆಲಸ ಉಂಟು. ನಮ್ಮ ಕಚೇರಿಗಳನ್ನು ಬಲ್ಲವರಿಗೆ ಈ ಏರ್ಪಾಟು ಹೊಸದಲ್ಲ. ಶಾಲೆಯ ಪಠ್ಯಪುಸ್ತಕದಲ್ಲಿ ಲಜ್ಜೆಗೇಡಿತನಕ್ಕೆ ಉದಾಹರಣೆಯಾಗಿ ಅವನ ಹೆಸರು ಹಾಕಿದ್ದರು ಎಂಬ ಮಾತು ಇವತ್ತಿಗೂ ಬರಹದಿಂದ ಬರಹಕ್ಕೆ ದಾಟುತ್ತ ಬಂದಿದೆ. ಬೆನ್ನು ಹತ್ತಿ ಹುಡುಕಿದ ಜಪಾನಿ ಬರಹಗಾರರೊಬ್ಬರಿಗೆ ಆ ಪುಟ ಸಿಗಲಿಲ್ಲ. ಇಲ್ಲದ ಪುಸ್ತಕದ ಇಲ್ಲದ ಪಾಠವೂ ಒಬ್ಬನ ಬೆನ್ನಿಗೆ ಅಂಟಿಕೊಳ್ಳುತ್ತದೆ. ಊರಿನ ಬಾಯಿಗೆ ದಾಖಲೆ ಯಾಕೆ ಬೇಕು?

ಅವನು ಮರಳಿ ಬಂದ ವರ್ಷದ ಜಪಾನನ್ನೂ ಸ್ವಲ್ಪ ನೋಡಬೇಕು. 1905ರಲ್ಲಿ ರಷ್ಯಾವನ್ನು ಸೋಲಿಸಿ, ಪಶ್ಚಿಮದ ದೇಶಗಳ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಳ್ಳಲು ಕಾದು ನಿಂತಿದ್ದ ದೇಶ ಅದು. 1912ರ ಜುಲೈನಲ್ಲಿ ಮೇಜಿ ಚಕ್ರವರ್ತಿ ತೀರಿಕೊಂಡ. ಸೆಪ್ಟೆಂಬರ್ 13ರಂದು, ಚಕ್ರವರ್ತಿಯ ಅಂತ್ಯಕ್ರಿಯೆಯ ದಿನ, ರಷ್ಯಾ ಯುದ್ಧದ ಸೇನಾನಿ ನೋಗಿ ಮರೆಸುಕೆ ತನ್ನ ಒಡೆಯನ ಹಿಂದೆ ತಾನೂ ಪ್ರಾಣ ಬಿಟ್ಟ. ಅವನ ಹೆಂಡತಿಯೂ ಬಿಟ್ಟಳು. ದೇಶಕ್ಕೆ ದೇಶವೇ ಬೆರಗಾಗಿ ಕೈಮುಗಿಯಿತು. ಸಾವನ್ನು ಹೀಗೆ ಪೂಜಿಸುತ್ತಿದ್ದ ಅದೇ ವರ್ಷ, ಹೆಂಡತಿಯ ಮುಖ ನೋಡಬೇಕೆಂಬ ಒಂದೇ ಆಸೆಯಿಂದ ದೋಣಿಗೆ ಹಾರಿದ ರೈಲ್ವೆ ಅಧಿಕಾರಿಯೊಬ್ಬ ಮನೆಗೆ ಬಂದಿದ್ದ. ಕಾಲ ಕೆಟ್ಟದ್ದಿತ್ತು.

ಹೊಸೊನೊ 1939ರಲ್ಲಿ ತೀರಿಕೊಂಡ. ಆ ಕಾಗದ ಮನೆಯಲ್ಲೇ ಉಳಿಯಿತು. 1997ರಲ್ಲಿ ಸಿನಿಮಾದ ಗದ್ದಲದ ನಡುವೆ ಅದು ಮತ್ತೆ ಹೊರಬಂತು. ಬರೆದದ್ದನ್ನು ಬೇರೆಯವರ ಹೇಳಿಕೆಗಳ ಜೊತೆ ತಾಳೆ ಹಾಕಿದಾಗ ಅವನಿದ್ದದ್ದು ಹತ್ತನೇ ದೋಣಿಯಲ್ಲಿ ಎಂಬುದು ಖಚಿತವಾಯಿತು. ಅಷ್ಟು ಹೊತ್ತಿಗೆ 85 ವರ್ಷ ಕಳೆದಿತ್ತು. ಅವನ ಮೊಮ್ಮಗ ಹರುವೊಮಿ ಹೊಸೊನೊ ಆಗಲೇ ಜಪಾನಿನ ಹೆಸರಾಂತ ಸಂಗೀತಗಾರ, ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾ ಕಟ್ಟಿದವನು. ಅಜ್ಜ ದೋಣಿಗೆ ಹಾರಿದ್ದರಿಂದ ಉಳಿದವರು ಎಷ್ಟು ಜನ, ಎಷ್ಟು ಹಾಡು ಎಂದು ಲೆಕ್ಕ ಹಾಕಲು ಹೋಗುವುದಿಲ್ಲ. ಆ ಲೆಕ್ಕವೂ ಒಂದು ಥರ ಸಮಜಾಯಿಷಿಯೇ. ಬದುಕಿದ್ದಕ್ಕೆ ಸಮಜಾಯಿಷಿ ಯಾಕೆ ಕೊಡಬೇಕು?

ಖಾಲಿ ಸೀಟಿನ ಲೆಕ್ಕ

‘ಹೆಂಗಸರು, ಮಕ್ಕಳು ಮೊದಲು’ ಎಂಬ ಮಾತನ್ನು ಕಡಲಿನ ಧರ್ಮಶಾಸ್ತ್ರದಲ್ಲೇ ಬರೆದಿಟ್ಟಿದೆ ಎಂದು ನಾವು ತಿಳಿದಿದ್ದೇವೆ. ಅದು ಕಾನೂನಲ್ಲ. ಬ್ರಿಟಿಷರ ಮನಸ್ಸಿನಲ್ಲಿ ಅದು ಬೇರೂರಿದ್ದು 1852ರಲ್ಲಿ, ದಕ್ಷಿಣ ಆಫ್ರಿಕದ ಬಳಿ ಬರ್ಕನ್‌ಹೆಡ್ ಎಂಬ ಸೈನಿಕ ಹಡಗು ಬಂಡೆಗೆ ಬಡಿದಾಗ. ದೋಣಿಗಳು ಹೆಂಗಸರು ಮಕ್ಕಳನ್ನು ಹೊತ್ತು ಹೋಗುವವರೆಗೆ ಸೈನಿಕರು ಕದಲದೆ ಸಾಲಾಗಿ ನಿಂತರಂತೆ. ಹೆಂಗಸರು ಮಕ್ಕಳೆಲ್ಲ ಉಳಿದರು. ನಾನೂರಕ್ಕೂ ಹೆಚ್ಚು ಗಂಡಸರು ಸತ್ತರು. ದೊಡ್ಡ ತ್ಯಾಗ, ಸಂದೇಹವಿಲ್ಲ. ಆದರೆ ಒಂದು ಹಡಗಿನ ಸೈನಿಕರ ಶಿಸ್ತನ್ನು ಜಗತ್ತಿನ ಎಲ್ಲ ಗಂಡಸರ ಸಾಲದ ಪತ್ರ ಮಾಡಿಬಿಟ್ಟರು.

ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಇಬ್ಬರು ಅರ್ಥಶಾಸ್ತ್ರಜ್ಞರು, ಮೈಕೆಲ್ ಎಲಿಂಡರ್ ಮತ್ತು ಆಸ್ಕರ್ ಎರಿಕ್ಸನ್, ಮೂರು ಶತಮಾನಗಳಲ್ಲಿ ಮುಳುಗಿದ 18 ಹಡಗುಗಳ ದಾಖಲೆ ತೆಗೆದು 2012ರಲ್ಲಿ ಲೆಕ್ಕ ಮುಂದಿಟ್ಟರು. ಒಟ್ಟಾರೆ ನೋಡಿದರೆ ಹೆಂಗಸರು ಬದುಕಿದ ಪ್ರಮಾಣ ಗಂಡಸರದರ ಅರ್ಧದಷ್ಟು. ಹೆಚ್ಚು ಉಳಿದವರು ಹಡಗಿನ ಸಿಬ್ಬಂದಿ. ಟೈಟಾನಿಕ್, ಬರ್ಕನ್‌ಹೆಡ್ ಎರಡೂ ನಿಯಮವಲ್ಲ, ಅಪವಾದ. ಅಪವಾದವನ್ನೇ ಅಳತೆಗೋಲಾಗಿ ಹಿಡಿದಾಗ ಉಳಿದವರೆಲ್ಲ ಗಿಡ್ಡವಾಗಿಯೇ ಕಾಣುತ್ತಾರೆ.

ಟೈಟಾನಿಕ್‌ನಲ್ಲಿ ಸುಮಾರು 2,200 ಜನರಿದ್ದರು. ದೋಣಿ 20, ಅವುಗಳಲ್ಲಿ ಜಾಗ 1,178 ಮಂದಿಗೆ. ಇಷ್ಟು ಕಡಿಮೆ ದೋಣಿ ಇಟ್ಟುಕೊಂಡದ್ದು ಕಾನೂನಿನ ಪ್ರಕಾರವೇ. ಬ್ರಿಟಿಷ್ ವ್ಯಾಪಾರ ಮಂಡಳಿಯ ನಿಯಮ ಹತ್ತು ಸಾವಿರ ಟನ್ನಿನ ಹಡಗಿನ ಹತ್ತಿರ ನಿಂತುಬಿಟ್ಟಿತ್ತು, ಟೈಟಾನಿಕ್ 46 ಸಾವಿರ ಟನ್ನಿನದು. ಬದುಕಿದವರು ಸುಮಾರು 710. ಅಂದರೆ ಕೆಳಗಿಳಿದ ದೋಣಿಗಳಲ್ಲೇ ನಾಲ್ಕು ನೂರಕ್ಕೂ ಹೆಚ್ಚು ಜಾಗ ಖಾಲಿ ಇತ್ತು. ಒಂದನೇ ನಂಬರಿನ ದೋಣಿಯಲ್ಲಿ 40 ಜನ ಕೂರಬಹುದಿತ್ತು, ಕೂತದ್ದು 12. ಹಡಗಿನ ಬಲಗಡೆ ಮರ್ಡಾಕ್ ಎಂಬ ಅಧಿಕಾರಿ ಹೆಂಗಸರು ಯಾರೂ ಹತ್ತಿರವಿಲ್ಲದಿದ್ದರೆ ಗಂಡಸರನ್ನೂ ಹತ್ತಿಸುತ್ತಿದ್ದ. ಎಡಗಡೆ ಲೈಟಾಲರ್ ಜಾಗ ಖಾಲಿ ಇದ್ದರೂ ಗಂಡಸರನ್ನು ಬಿಡುತ್ತಿರಲಿಲ್ಲ. ಕತ್ತಲಿನಲ್ಲಿ ನಿನ್ನ ಕಾಲು ಯಾವ ಕಡೆಗೆ ಎಳೆದವೋ ಅದರ ಮೇಲೆ ನಿನ್ನ ಜೀವ. ಆಮೇಲೆ ನಿನ್ನ ಮಾನ.

ಎರಡನೇ ದರ್ಜೆಯ 168 ಗಂಡಸರಲ್ಲಿ ಬದುಕಿದವರು 14. ಆ ಹದಿನಾಲ್ಕರಲ್ಲಿ ಒಬ್ಬನಾಗಿರುವುದು ಎಂದರೆ ಉಳಿದ 154 ಮನೆಗಳ ಕಣ್ಣೆದುರು ಜೀವನವಿಡೀ ನಡೆದಾಡುವುದು.

ಸೀರೆ ಉಟ್ಟ ಗಂಡಸಿನ ಕಥೆ

ಹೆಣ್ಣುಡುಗೆ ತೊಟ್ಟು ದೋಣಿ ಹತ್ತಿದ ಗಂಡಸಿನ ವದಂತಿ ಆ ವರ್ಷ ಅಮೆರಿಕದಲ್ಲಿ ಮನೆಮಾತು. ವಿಲಿಯಂ ಸ್ಲೋಪರ್ ಎಂಬವನ ಹೆಸರನ್ನು ನ್ಯೂಯಾರ್ಕಿನ ಪತ್ರಿಕೆಯೊಂದು ಅದಕ್ಕೆ ಗಂಟು ಹಾಕಿತು. ಅವನು ಹೋದದ್ದು ಮೊದಲು ಇಳಿದ ದೋಣಿಯಲ್ಲಿ, ಹತ್ತಲು ಜನರೇ ಮುಂದೆ ಬಾರದಿದ್ದ ಹೊತ್ತಿನಲ್ಲಿ. ಆ ಮಾತು ಮಾತ್ರ ಕೊನೆತನಕ ಬೆನ್ನು ಬಿಡಲಿಲ್ಲ. ನಿಜವಾಗಿ ಹೆಂಗಸಿನ ಶಾಲು ಹೊದ್ದು ಪಾರಾದವನು ಡೇನಿಯಲ್ ಬಕ್ಲಿ ಎಂಬ ಐರಿಷ್ ಹುಡುಗ. ದೋಣಿಯಲ್ಲಿ ಅಳುತ್ತ ಕೂತಿದ್ದವನ ಮೇಲೆ ಹೆಂಗಸೊಬ್ಬಳು ತಾನಾಗಿಯೇ ಶಾಲು ಎಸೆದಳು. ಅದನ್ನು ಅವನೇ ಅಮೆರಿಕದ ಸೆನೆಟ್ ವಿಚಾರಣೆಯಲ್ಲಿ ಬಾಯಿಬಿಟ್ಟು ಹೇಳಿದ. 1918ರ ಅಕ್ಟೋಬರಿನಲ್ಲಿ ಅಮೆರಿಕದ ಸೈನಿಕನಾಗಿ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಸತ್ತ. ಹೇಡಿ ಎಂದವರು ಈ ಎರಡನೇ ಸಂಗತಿಯನ್ನು ಸೇರಿಸಿ ಹೇಳುವುದು ಕಡಿಮೆ.

ಇವರೆಲ್ಲರಿಗಿಂತ ಹೆಚ್ಚು ಉಗುಳಿಸಿಕೊಂಡವನು ಟಾಕೀಸಿನಲ್ಲಿ ನಾವು ನಕ್ಕ ಜೆ. ಬ್ರೂಸ್ ಇಸ್ಮೇ. ವೈಟ್ ಸ್ಟಾರ್ ಹಡಗು ಕಂಪನಿಯ ಮುಖ್ಯಸ್ಥ. ಬಲಗಡೆಯ ಮಡಚುವ ದೋಣಿಯೊಂದು ಇಳಿಯುವಾಗ ಅದರಲ್ಲಿ ಕಾಲಿಟ್ಟ. ಹರ್ಸ್ಟ್ ಮಾಲೀಕತ್ವದ ಪತ್ರಿಕೆಗಳು ‘ಬ್ರೂಸ್’ ಅನ್ನು ‘ಬ್ರೂಟ್’ ಮಾಡಿ, ಅಂದರೆ ಮೃಗವೆಂದು ಕರೆದು ಪುಟ ತುಂಬಿಸಿದವು. ಇಸ್ಮೇಯ ಪರ ವಕಾಲತ್ತು ಹಾಕಲು ನನಗೆ ಮನಸ್ಸಿಲ್ಲ. ದೋಣಿ ಕಡಿಮೆಯಿದ್ದ ಹಡಗು ಅವನ ಕಂಪನಿಯದು. ಆ ಪ್ರಶ್ನೆಗೆ ಅವನು ಉತ್ತರ ಕೊಡಬೇಕಿತ್ತು. ಆದರೆ ಜನ ಕೇಳಿದ್ದು ದೋಣಿ ಯಾಕೆ ಕಡಿಮೆ ಇತ್ತು ಎಂದಲ್ಲ, ನೀನು ಯಾಕೆ ಸಾಯಲಿಲ್ಲ ಎಂದು. ಮೊದಲನೆಯದಕ್ಕೆ ಕಾನೂನು ತಿದ್ದಬೇಕು, ಹಣ ಸುರಿಯಬೇಕು. ಎರಡನೆಯದಕ್ಕೆ ಒಬ್ಬನ ಮುಖಕ್ಕೆ ಮಸಿ ಬಳಿದರೆ ಸಾಕು. ಬ್ರಿಟಿಷ್ ವಿಚಾರಣೆಯ ಲಾರ್ಡ್ ಮರ್ಸಿ ತಣ್ಣನೆಯ ಒಂದು ಮಾತು ಬರೆದ: ಇಸ್ಮೇ ಹಾರದಿದ್ದರೆ ಸತ್ತವರ ಲೆಕ್ಕಕ್ಕೆ ಇನ್ನೊಂದು ಜೀವ ಸೇರುತ್ತಿತ್ತು, ಅಷ್ಟೇ. ಈ ಮಾತು ಯಾರ ಕಿವಿಗೂ ಬೀಳಲಿಲ್ಲ.

ಇಸ್ಮೇ ಹತ್ತಿದ ಅದೇ ದೋಣಿಯಲ್ಲಿ ನಾಲ್ವರು ಚೀನೀಯರಿದ್ದರು. ಹಡಗಿನಲ್ಲಿ ಒಟ್ಟು ಎಂಟು ಮಂದಿ, ಎಲ್ಲರೂ ಕಸುಬಿನ ನಾವಿಕರು. ನ್ಯೂಯಾರ್ಕಿನಲ್ಲಿ ಬೇರೊಂದು ಹಡಗಿನ ಕೆಲಸಕ್ಕೆ ಸೇರಲು ಮೂರನೇ ದರ್ಜೆಯಲ್ಲಿ ಹೊರಟವರು. ಎಂಟು ಮಂದಿಗೂ ಸೇರಿ ಒಂದೇ ಟಿಕೆಟ್. ಅವರಲ್ಲಿ ಆರು ಜನ ಬದುಕಿದರು. ಬೆಳಗಾದಾಗ ಸೀಟಿನ ನಡುವೆ ನಾಲ್ವರು ಕಂಡರು ಎಂದು ಆ ದೋಣಿ ನಡೆಸಿದ ಜಾರ್ಜ್ ರೋ ಸಾಕ್ಷಿ ಹೇಳಿದ. ಅಷ್ಟೇ ಸಾಕಾಯಿತು. ಕದ್ದು ಅಡಗಿದವರು, ಹೆಂಗಸರ ವೇಷ ಹಾಕಿದವರು ಎಂದು ಪತ್ರಿಕೆಗಳು ಬರೆದವು. ಚೀನೀಯರು ಅಮೆರಿಕಕ್ಕೆ ಕಾಲಿಡದಂತೆ 1882ರ ಕಾನೂನಿತ್ತು. ಬದುಕಿ ಬಂದ ಉಳಿದವರಿಗೆಲ್ಲ ಬಿಸಿ ಕಾಫಿ, ಕಂಬಳಿ, ಕಣ್ಣೀರು ಸಿಕ್ಕ ಬಂದರಿನಿಂದ ಈ ಆರು ಜನರನ್ನು ಮರುದಿನವೇ ಕ್ಯೂಬಾದ ಕಡೆ ಹೊರಟ ಹಡಗಿಗೆ ಹತ್ತಿಸಿ ಕಳಿಸಿದರು. ಸುಮಾರು ನೂರು ವರ್ಷದ ಮೇಲೆ ಆರ್ಥರ್ ಜೋನ್ಸ್ ಎಂಬ ನಿರ್ದೇಶಕ, ಸ್ಟೀವನ್ ಶ್ವಾಂಕರ್ಟ್ ಎಂಬ ಸಂಶೋಧಕ ಇವರ ಜಾಡು ಹಿಡಿದರು. ಆ ಅಳತೆಯ ದೋಣಿಯೊಂದನ್ನು ಮತ್ತೆ ಕಟ್ಟಿಸಿ, ಜನರನ್ನು ತುಂಬಿಸಿ, ಅದರಲ್ಲಿ ಯಾರಾದರೂ ಕದ್ದು ಕೂರಬಹುದೇ ಎಂದು ಪರೀಕ್ಷಿಸಿದರು. 2021ರ ‘ದ ಸಿಕ್ಸ್’ ಸಾಕ್ಷ್ಯಚಿತ್ರ ಬಂದದ್ದು ಹಾಗೆ.

ಆ ಆರು ಜನರಲ್ಲಿ ಒಬ್ಬ ಫಾಂಗ್ ಲಾಂಗ್. ತೇಲುತ್ತಿದ್ದ ಮರದ ಹಲಗೆಗೆ ತನ್ನನ್ನು ಕಟ್ಟಿಕೊಂಡಿದ್ದವನನ್ನು ಹದಿನಾಲ್ಕನೇ ದೋಣಿಯವರು ಎತ್ತಿಕೊಂಡರು. ಎತ್ತುವ ಮೊದಲು ಇವನನ್ನು ಉಳಿಸಿ ಏನಾಗಬೇಕು ಎಂಬ ಮಾತು ಬಂತಂತೆ. ಮೈ ಬೆಚ್ಚಗಾದ ಮೇಲೆ ಅವನೇ ಹುಟ್ಟು ಹಿಡಿದು ಎಲ್ಲರಿಗಿಂತ ಜೋರಾಗಿ ಹಾಕಿದನೆಂದು ಆ ದೋಣಿಯಲ್ಲಿದ್ದ ಹೆಂಗಸೊಬ್ಬಳು ಬರೆದಿದ್ದಾಳೆ. ಮುಂದೆ ಅವನು ಅಮೆರಿಕ ಸೇರಿ ಸಂಸಾರ ಹೂಡಿದ. ಟೈಟಾನಿಕ್ ಎಂಬ ಒಂದು ಶಬ್ದವನ್ನು ಮಗನಿಗೂ ಹೇಳದೆ ತೀರಿಕೊಂಡ.

ಆಯಸ್ಸು ಗಟ್ಟಿ ಇತ್ತು

ಕಾನೂನು ಓದಿದ ಕನ್ನಡಿಗರಿಗೆ ಡಡ್ಲಿ ಮತ್ತು ಸ್ಟೀಫನ್ಸ್ ಪ್ರಕರಣ ನೆನಪಿರಬೇಕು. ಅನಿವಾರ್ಯತೆ ಎಂಬ ನೆಪದಲ್ಲಿ ಕೊಲೆ ಮಾಡಬಹುದೇ ಎಂಬ ಪಾಠದಲ್ಲಿ ಅದು ಬಂದೇ ಬರುತ್ತದೆ. 1884ರಲ್ಲಿ ಮಿಗ್ನೊನೆಟ್ ಎಂಬ ಸಣ್ಣ ಹಡಗು ಮುಳುಗಿ, ನಾಲ್ವರು ಮೂರು ವಾರಕ್ಕೂ ಹೆಚ್ಚು ದೋಣಿಯಲ್ಲಿ ತೇಲಿದರು. ಅನ್ನವಿಲ್ಲ, ಕುಡಿಯಲು ನೀರಿಲ್ಲ. ಸಾಯುತ್ತಿದ್ದ 17ರ ಹುಡುಗ ರಿಚರ್ಡ್ ಪಾರ್ಕರ್‌ನನ್ನು ಕೊಂದು ತಿಂದು ಉಳಿದ ಮೂವರು ಬದುಕಿದರು. ಕಾಲೇಜಿನಲ್ಲಿ ಇಲ್ಲಿಗೆ ಪಾಠ ಮುಗಿಯುತ್ತದೆ, ಪರೀಕ್ಷೆಗೆ ಇಷ್ಟೇ ಸಾಕು. ಅವರು ಬಂದಿಳಿದ ಫಾಲ್ಮತ್ ಎಂಬ ಬಂದರು ಊರು ಏನು ಮಾಡಿತು ಎಂಬುದು ಪಾಠದಲ್ಲಿಲ್ಲ. ಆ ಊರು ಅವರ ಪರ ನಿಂತಿತು. ಸತ್ತ ಹುಡುಗನ ಅಣ್ಣ, ಅವನೂ ನಾವಿಕ, ಕೋರ್ಟಿಗೆ ಬಂದು ಡಡ್ಲಿಯ ಕೈ ಕುಲುಕಿದ. ಗಲ್ಲು ಎಂದ ಲಂಡನ್ನಿನ ನ್ಯಾಯಾಲಯದ ಶಿಕ್ಷೆ ಕೊನೆಗೆ ಆರು ತಿಂಗಳಿಗೆ ಇಳಿಯಿತು.

ಮನುಷ್ಯರನ್ನು ತಿಂದವರ ಕೈ ಕುಲುಕಿದ ದೇಶವೇ ಇಪ್ಪತ್ತೆಂಟು ವರ್ಷದ ಮೇಲೆ ಖಾಲಿ ಸೀಟಿನಲ್ಲಿ ಕೂತವನಿಗೆ ಛೀಮಾರಿ ಹಾಕಿತು. ಇದು ಹೇಗೆ? ನನಗೆ ತೋಚುವುದು ಇಷ್ಟು: ಫಾಲ್ಮತ್‌ನವರಿಗೆ ಕಡಲು ಗೊತ್ತಿತ್ತು. ಟೈಟಾನಿಕ್‌ನ ತೀರ್ಪು ಕೊಟ್ಟವರು ಪತ್ರಿಕೆ ಓದಿದವರು. ಅಮೆರಿಕದ ನಾಂಟುಕೆಟ್ ದ್ವೀಪದಲ್ಲೂ ಇದೇ ನಡೆಯಿತು. 1820ರಲ್ಲಿ ತಿಮಿಂಗಿಲ ಗುದ್ದಿ ಎಸೆಕ್ಸ್ ಹಡಗು ಮುಳುಗಿದಾಗ, ದೋಣಿಯಲ್ಲಿ ಚೀಟಿ ಎತ್ತಿ ಕಪ್ತಾನ ಜಾರ್ಜ್ ಪೊಲಾರ್ಡ್‌ನ ಸ್ವಂತ ಸೋದರ ಸಂಬಂಧಿಯನ್ನೇ ಕೊಂದು ತಿನ್ನಬೇಕಾಯಿತು. ಊರು ಅವನನ್ನು ಹೊರಗೆ ಹಾಕಲಿಲ್ಲ, ಇನ್ನೊಂದು ಹಡಗು ಕೊಟ್ಟಿತು! ಅದೂ 1823ರಲ್ಲಿ ಬಂಡೆಗೆ ಬಡಿಯಿತು. ಆಮೇಲೆ ಯಾರೂ ಕರೆಯಲಿಲ್ಲ. ನಾವಿಕರು ಅಂಥವನನ್ನು ‘ಜೋನಾ’ ಎನ್ನುತ್ತಾರೆ, ಬೈಬಲ್ಲಿನ ಕಥೆಯಿಂದ ಬಂದ ಹೆಸರು, ನಮ್ಮ ‘ಶನಿ’ ಇದ್ದ ಹಾಗೆ. ಪೊಲಾರ್ಡ್ ಊರಿನ ರಾತ್ರಿ ಕಾವಲುಗಾರನಾಗಿ ಮುದುಕನಾದ. ಹಡಗು ಮುಳುಗಿದ ದಿನ ಪ್ರತಿ ವರ್ಷ ಬಾಗಿಲು ಹಾಕಿಕೊಂಡು ಉಪವಾಸ ಕೂರುತ್ತಿದ್ದನಂತೆ.

ನಮ್ಮ ಭಾಷೆಯಲ್ಲಿ ಇದಕ್ಕೆ ಒಂದು ಒಳ್ಳೆಯ ಮಾತಿದೆ. ಬಸ್ಸು ಉರುಳಿ ಒಬ್ಬ ಉಳಿದರೆ, ದೋಣಿ ಮಗುಚಿ ಒಬ್ಬ ಈಜಿ ಬಂದರೆ, ‘ಆಯಸ್ಸು ಗಟ್ಟಿ ಇತ್ತು’ ಎಂದುಬಿಡುತ್ತೇವೆ. ಆ ಮಾತಿನಲ್ಲಿ ಉಳಿದವನ ಜಾಣತನವೂ ಇಲ್ಲ, ತಪ್ಪೂ ಇಲ್ಲ. ಹಣೆಬರಹದ ಮೇಲೆ ಹಾಕಿ ಅವನನ್ನು ಹಗುರ ಮಾಡಿ ಬಿಡುತ್ತದೆ. ಆದರೆ ಇದೇ ಬಾಯಿ ‘ಕಾಲ್ಗುಣ’ ಎಂಬ ಇನ್ನೊಂದು ಮಾತನ್ನೂ ಆಡುತ್ತದೆ. ಗಂಡ ನೀರುಪಾಲಾದರೆ ದಡದಲ್ಲಿದ್ದವಳ ಕಾಲ್ಗುಣ ಸರಿಯಿಲ್ಲ, ಗಂಡನನ್ನು ನುಂಗಿಕೊಂಡಳು. ಅಂದರೆ ಕಡಲಿಗೆ ಇಳಿದು ಬಂದ ಗಂಡಸಿಗೆ ಆಯಸ್ಸು ಗಟ್ಟಿ, ಕಡಲನ್ನು ಕಣ್ಣಿಂದ ಮಾತ್ರ ನೋಡಿದ ಹೆಂಗಸಿಗೆ ಕಳಂಕ. ಪಕ್ಕದ ಕೇರಳದ ತಗಳಿ ಶಿವಶಂಕರ ಪಿಳ್ಳೆಯವರ ‘ಚೆಮ್ಮೀನ್’ ಕಾದಂಬರಿ ನಿಂತಿರುವುದೇ ದಡದ ಹೆಂಡತಿಯ ಶೀಲದ ಮೇಲೆ ಕಡಲಿಗಿಳಿದ ಗಂಡನ ಜೀವ ನಿಂತಿದೆ ಎಂಬ ನಂಬಿಕೆಯ ಮೇಲೆ. ನಮ್ಮದು ದೊಡ್ಡ ಮನಸ್ಸು, ಅವರದು ಸಣ್ಣ ಮನಸ್ಸು ಎಂದು ಬೀಗಲು ಏನೂ ಇಲ್ಲ.

ತಪ್ಪು ಒಂದು ಕಡೆ, ಮಸಿ ಒಂದು ಕಡೆ

ನಿಜವಾಗಿ ತಪ್ಪು ಮಾಡಿದವರಿಗೆ ಏನಾಯಿತು? 1880ರಲ್ಲಿ ಒಂಬೈನೂರಕ್ಕೂ ಹೆಚ್ಚು ಹಜ್ ಯಾತ್ರಿಕರನ್ನು ಹೊತ್ತು ಸಿಂಗಪುರದಿಂದ ಹೊರಟ ಜೆಡ್ಡಾ ಎಂಬ ಹಡಗಿಗೆ ಆಫ್ರಿಕದ ಮೂಲೆಯಾದ ಗಾರ್ಡಫುಯಿ ಭೂಶಿರದ ಬಳಿ ನೀರು ನುಗ್ಗಿತು. ಕಪ್ತಾನ ಕ್ಲಾರ್ಕ್, ಅವನ ಹೆಂಡತಿ, ಅಧಿಕಾರಿಗಳು ಯಾತ್ರಿಕರನ್ನು ಬಿಟ್ಟು ದೋಣಿಯಲ್ಲಿ ಪರಾರಿಯಾದರು. ಏಡನ್ ತಲುಪಿ, ಹಡಗು ಮುಳುಗಿತು, ಎಲ್ಲರೂ ಸತ್ತರು ಎಂದು ಹೇಳಿಕೆ ಕೊಟ್ಟರು. ಆ ಮಾತು ಆರುವ ಮೊದಲೇ ಇನ್ನೊಂದು ಹಡಗು ಜೆಡ್ಡಾವನ್ನು ಎಳೆದುಕೊಂಡು ಅದೇ ಬಂದರಿಗೆ ಬಂತು, ಯಾತ್ರಿಕರೂ ಅದರಲ್ಲೇ ಇದ್ದರು. ಇಂಥ ಕಪ್ತಾನನಿಗೆ ಆದ ಶಿಕ್ಷೆ, ಮೂರು ವರ್ಷ ಪರವಾನಗಿ ಅಮಾನತು. ಜೋಸೆಫ್ ಕಾನ್ರಾಡ್ ಇದೇ ಘಟನೆಯನ್ನು ಇಟ್ಟುಕೊಂಡು 1900ರಲ್ಲಿ ‘ಲಾರ್ಡ್ ಜಿಮ್’ ಬರೆದ. ಅದರಲ್ಲಿ ದೋಣಿಗೆ ಹಾರಿದ ಯುವಕ ಜೀವನವಿಡೀ ನಾಚಿಕೆಯಿಂದ ಓಡುತ್ತಾನೆ. ಅವನಿಗೆ ಮಾದರಿಯಾದ ಜೆಡ್ಡಾದ ಅಧಿಕಾರಿ ಸಿಂಗಪುರದಲ್ಲೇ ನೆಲೆಸಿ, ಬಂದರಿನಲ್ಲಿ ಕೆಲಸ ಮಾಡಿಕೊಂಡು ಸಂಸಾರ ನಡೆಸಿದ. ನಾಚಿಕೆ ಕಾದಂಬರಿಯ ಪಾಲಿಗೆ ಬಂತು.

ಇದು ಹಳೆಯ ಕಾಲದ ಮಾತು ಎನ್ನುವವರು ದಕ್ಷಿಣ ಕೊರಿಯಾದ ಕಡೆ ನೋಡಬಹುದು. 2014ರ ಏಪ್ರಿಲ್ 16ರಂದು ಸೆವೊಲ್ ಎಂಬ ಹಡಗು ಮಗುಚಿ 304 ಮಂದಿ ಸತ್ತರು. ಅವರಲ್ಲಿ 250 ಮಕ್ಕಳು ಆನ್ಸನ್ ನಗರದ ಒಂದೇ ಪ್ರೌಢಶಾಲೆಯವರು, ಪ್ರವಾಸ ಹೊರಟಿದ್ದವರು. ಇದ್ದಲ್ಲೇ ಇರಿ ಎಂದು ಧ್ವನಿವರ್ಧಕದಲ್ಲಿ ಹೇಳಿಸಿ ಕಪ್ತಾನ ತಾನು ಪಾರಾದ. ಅವನಿಗೆ ಜೀವಾವಧಿ ಆಯಿತು, ಆಗಬೇಕಾದದ್ದೇ. ಆದರೆ ಬದುಕಿ ಬಂದ ಆ ಶಾಲೆಯ ಉಪ ಪ್ರಾಂಶುಪಾಲ ಎರಡೇ ದಿನದಲ್ಲಿ ಪ್ರಾಣ ಕಳೆದುಕೊಂಡರು. ಪ್ರವಾಸಕ್ಕೆ ಕರೆದುಕೊಂಡು ಹೋದವನು ನಾನು, ಹೊಣೆಯೆಲ್ಲ ನನ್ನದು ಎಂದು ಬರೆದಿಟ್ಟಿದ್ದರು. ಉಳಿದ 75 ಮಕ್ಕಳು ಮತ್ತೆ ಅದೇ ಶಾಲೆಗೆ, ಖಾಲಿ ಬೆಂಚುಗಳ ನಡುವೆ ಹೋಗಿ ಕೂರಬೇಕಾಯಿತು. ಅವರಿಗೆ ಕಾಲೇಜು ಪ್ರವೇಶದಲ್ಲಿ ವಿಶೇಷ ಅವಕಾಶ ಕೊಟ್ಟಾಗ ಅದಕ್ಕೂ ಟೀಕೆ ಬಂತು. ಸತ್ತ ಗೆಳೆಯರ ಹೆಸರಿನಲ್ಲಿ ಸೀಟು ಗಿಟ್ಟಿಸಿದರು ಎಂಬ ಧಾಟಿಯ ಮಾತು. ಸೀಟಿನ ವಿಷಯಕ್ಕೆ ಬಂದರೆ ಮನುಷ್ಯನ ಬಾಯಿ ಎಲ್ಲ ದೇಶದಲ್ಲೂ ಒಂದೇ.

ಟೈಟಾನಿಕ್‌ನಲ್ಲಿ ಕಂಬದ ಮೇಲಿನ ಕಾವಲು ಗೂಡಿನಲ್ಲಿ ನಿಂತು ನೀರ್ಗಲ್ಲನ್ನು ಮೊದಲು ಕಂಡು ಗಂಟೆ ಬಾರಿಸಿದವನು ಫ್ರೆಡರಿಕ್ ಫ್ಲೀಟ್. ವಯಸ್ಸು 24. ದುರ್ಬೀನು ಕೊಟ್ಟಿದ್ದರೆ ಇನ್ನೂ ಮೊದಲೇ ಕಾಣುತ್ತಿತ್ತು ಎಂದು ವಿಚಾರಣೆಯಲ್ಲಿ ಹೇಳಿದ್ದ. ಅವನು ಕೊನೆಗಾಲದಲ್ಲಿ ಸೌತಾಂಪ್ಟನ್ ಬೀದಿಯಲ್ಲಿ ದಿನಪತ್ರಿಕೆ ಮಾರುತ್ತಿದ್ದ. ಹೆಂಡತಿ ತೀರಿಕೊಂಡ ಸ್ವಲ್ಪ ದಿನಕ್ಕೆ, 1965ರ ಜನವರಿಯಲ್ಲಿ ತಾನೂ ಜೀವ ಕಳೆದುಕೊಂಡ. ಗೋರಿಯ ಮೇಲೆ ಹೆಸರಿನ ಕಲ್ಲು ಬಿದ್ದದ್ದು 1993ರಲ್ಲಿ. ಬದುಕುಳಿದ ನಾಲ್ವರು ಅಧಿಕಾರಿಗಳಲ್ಲಿ ಒಬ್ಬನಿಗೂ ಪ್ರಯಾಣಿಕ ಹಡಗಿನ ಕಪ್ತಾನನ ಕುರ್ಚಿ ಸಿಗಲಿಲ್ಲ. ಖಾಲಿ ಜಾಗಕ್ಕೂ ಗಂಡಸರನ್ನು ಬಿಡದಿದ್ದ ಲೈಟಾಲರ್‌ಗೂ ಸಿಗಲಿಲ್ಲ. ಅವನು 1940ರಲ್ಲಿ ತನ್ನ ಸ್ವಂತ ದೋಣಿಯಲ್ಲಿ ಡಂಕರ್ಕ್‌ಗೆ ಹೋಗಿ ನೂರಕ್ಕೂ ಹೆಚ್ಚು ಸೈನಿಕರನ್ನು ತುಂಬಿಕೊಂಡು ಬಂದ. ಆ ಸಲ ದೋಣಿಯಲ್ಲಿ ಒಂದು ಅಂಗುಲವನ್ನೂ ಖಾಲಿ ಬಿಡಲಿಲ್ಲ.

ಇಸ್ಮೇ 1913ರಲ್ಲಿ ಕಂಪನಿಯಿಂದ ಹೊರಬಂದ. ಐರ್ಲೆಂಡಿನ ಪಶ್ಚಿಮ ತೀರದ ಕಾಸ್ಟೆಲೋದಲ್ಲಿ ಮನೆ ಕೊಂಡು ಗಾಳ ಹಾಕುತ್ತ ಕಾಲ ಕಳೆದ. ಮನೆಯಲ್ಲಿ ಆ ಹಡಗಿನ ಹೆಸರನ್ನು ಯಾರೂ ಎತ್ತುವಂತಿರಲಿಲ್ಲ. ಸಾಯುವ ಹಿಂದಿನ ವರ್ಷ, 1936ರ ಚಳಿಗಾಲದಲ್ಲಿ, ಮಗಳ ಸಣ್ಣ ಮಗ ಅಜ್ಜನ ಹತ್ತಿರ ಬಂದ. ಅಜ್ಜನಿಗೆ ಹಡಗಿನ ವ್ಯವಹಾರವಿತ್ತು ಎಂದು ಯಾರೋ ಅವನಿಗೆ ಹೇಳಿದ್ದರು. ಅಜ್ಜಾ, ನೀನು ಇದ್ದ ಹಡಗು ಯಾವತ್ತಾದರೂ ಮುಳುಗಿತ್ತಾ ಎಂದು ಕೇಳಿದ. ಇಪ್ಪತ್ತನಾಲ್ಕು ವರ್ಷದಲ್ಲಿ ಆ ಪ್ರಶ್ನೆಯನ್ನು ಬರೀ ತಿಳಿದುಕೊಳ್ಳುವ ಆಸೆಯಿಂದ ಕೇಳಿದವನು ಅವನೊಬ್ಬನೇ ಇರಬೇಕು. ಹೌದು, ಎಂದ ಇಸ್ಮೇ. ಒಂದು ಸಲ, ಮುಳುಗುವುದೇ ಇಲ್ಲ ಎಂದು ಎಲ್ಲರೂ ನಂಬಿದ್ದ ಹಡಗಿನಲ್ಲಿ ನಾನಿದ್ದೆ.